ಸರಾಸರಿ ಅಪ್ಪ

ಜೂನ್ 3, ಸೋಮವಾರ

ಹಾಲು ಉಕ್ಕಿತು. ಪುಟ್ಟಿಯ ಒಂದು ಕಾಲುಚೀಲ ಸೋಫಾ ಕೆಳಗೆ ಸಿಕ್ಕಿತು, ಇನ್ನೊಂದು ದೇವರಿಗೇ ಗೊತ್ತು. ನಾನು ಕೆಲಸ ಬಿಟ್ಟು ಎರಡು ವರ್ಷ — ಹೆಂಡತಿ ಕಾಲೇಜಿಗೆ ಪಾಠ ಮಾಡಲು, ನಾನು ಒಲೆ ಮುಂದೆ. ದೂರಿಲ್ಲ.

ಶನಿವಾರ ಟಿವಿಯಲ್ಲಿ ಇವಳ ಡಿಬೇಟ್. ಗಂಡಸರು ಮನೆಯಲ್ಲಿ ಏನು ಮಾಡುತ್ತಾರೆ ಅಂತ. ಊಟದ ಹೊತ್ತಿಗೆ ದಿನಾ ರಿಹರ್ಸಲ್. ಎದುರಾಳಿ ನಾನು, ಸೋಲುವುದೇ ನನ್ನ ಡ್ಯೂಟಿ. ಇವಳದೇ ಸರ್ವೆ: ಸರಾಸರಿ ಅಪ್ಪ ದಿನಕ್ಕೆ ಮಗುವಿನ ಜೊತೆ ಇರುವುದು ಹನ್ನೆರಡು ನಿಮಿಷ.

“ಮತ್ತೆ ನಾನು?” ಅಂದೆ.

“ನಿನ್ನಂಥೋರು ಅಲ್ಲೊಬ್ರು ಇಲ್ಲೊಬ್ರು. ಸೇರಿಸಿದ್ರೆ ಸರಾಸರಿ ಕೆಡತ್ತೆ ಅಂತ ತೆಗೆದುಬಿಟ್ಟೆ.”

ಆಟಕ್ಕುಂಟು, ಲೆಕ್ಕಕ್ಕಿಲ್ಲ. ನಕ್ಕೆ. ಬೇಜಾರೂ ಆಯಿತು.

ಜೂನ್ 5

ಪುಟ್ಟಿ ಇವತ್ತು ನಾಲ್ಕು ತಟ್ಟೆ ಹಾಕಿದಳು. ಒಂದು ಸರಾಸರಿ ಅಪ್ಪನಿಗಂತೆ! ದಿನಾ ಅವನದೇ ಮಾತು ಕೇಳಿ ಯಾರೋ ನೆಂಟ ಅಂದುಕೊಂಡಿದೆ ಮಗು. ಇವಳು ನಕ್ಕು ನಕ್ಕು ಸುಸ್ತು.

ಊಟವಾದ ಮೇಲೆ ಆ ತಟ್ಟೆ ಎತ್ತಿದೆ. ನಾವ್ಯಾರೂ ಮುಟ್ಟಿರಲಿಲ್ಲ. ಎಂಜಲಾಗಿತ್ತು.

ಜೂನ್ 9

ನಿನ್ನೆ ಇವಳು ಗೆದ್ದಳು. ಚಪ್ಪಾಳೆಯೋ ಚಪ್ಪಾಳೆ. ನಿಮ್ಮನೆಯವರು ಹೇಗೆ ಅಂತ ನಿರೂಪಕ ಕೇಳಿದ.

“ಎಲ್ಲರ ಥರಾನೇ. ಹನ್ನೆರಡು ನಿಮಿಷ,” ಅಂದಳು.

ಮನೆಗೆ ಬಂದ ಮೇಲೆ ಕೇಳಿದೆ. ನಿಜ ಹೇಳಿದ್ದರೆ ವಾದ ಬಿದ್ದುಹೋಗುತ್ತಿತ್ತಂತೆ. ಪಾತ್ರೆ ತೊಳೆದೆ.

ಜೂನ್ 12, ಸಂಜೆ

ಬಾಗಿಲ ಹತ್ತಿರ ಗಂಡಸಿನ ಬೂಟು. ನನ್ನದಲ್ಲ — ಕೆಲಸ ಬಿಟ್ಟ ಮೇಲೆ ನಾನು ಬೂಟು ಹಾಕಿಯೇ ಇಲ್ಲ. ರೂಮಿನಲ್ಲಿ ಪುಟ್ಟಿ ಕಿಲಕಿಲ ನಗುತ್ತಿದ್ದಳು. ಹೋಗಿ ನೋಡಿದರೆ ಒಬ್ಬಳೇ. ಪಕ್ಕದ ಕುರ್ಚಿ ಬೆಚ್ಚಗಿತ್ತು.

“ಅಪ್ಪ ಈಗ ಹೋದ,” ಅಂದಳು.

ಅಪ್ಪ ಇಲ್ಲೇ ಇದೀನಲ್ಲ ಅಂದೆ. ತಿರುಗಿ ನೋಡಲಿಲ್ಲ. ವಾಪಸ್ ಬಂದರೆ ಬೂಟು ಇರಲಿಲ್ಲ. ಹೆದರಿಕೆಯಾಗುತ್ತಿದೆ...

ಜೂನ್ 20

ಸ್ಕೂಲ್ ಗೇಟಿನ ವಾಚ್‌ಮನ್, ಎರಡು ವರ್ಷದಿಂದ ದಿನಾ ನಮಸ್ಕಾರ ಹೇಳುವ ಮನುಷ್ಯ, ನೀವ್ಯಾರು ಎಂದ. ಇವಳಿಗೆ ಹೇಳಿದೆ. ಫೋನ್ ನೋಡುತ್ತಾ ಇದ್ದಳು. ಇನ್ನೊಂದು ಸಲ ಹೇಳಿದೆ. ಎದ್ದು ಲೈಟ್ ಆರಿಸಿ ಹೋದಳು, ರೂಮು ಖಾಲಿ ಇದ್ದ ಹಾಗೆ.

ಪುಟ್ಟಿ ಮೂರೇ ತಟ್ಟೆ ಹಾಕಿದಳು. ಸದ್ಯ, ಎಂದುಕೊಂಡೆ. ನನ್ನ ಕುರ್ಚಿ ಎಳೆಯಲು ಹೋದೆ. ಅಷ್ಟರಲ್ಲಿ ಅದು ತಾನಾಗಿಯೇ ಹಿಂದೆ ಸರಿಯಿತು.

ಜೂನ್ 21, ಸಂಜೆ ಆರು

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆಲ್ ಆಯಿತು. ಪುಟ್ಟಿ ಓಡಿದಳು. ಇವಳ ದನಿ — “ಇವತ್ತು ಬೇಗ ಬಂದ್ಯಲ್ಲ.” ಗಂಡಸಿನ ದನಿ. ನನ್ನದೇ, ಸ್ವಲ್ಪ ದಣಿದಿದೆ. ಅಡುಗೆಮನೆಯಲ್ಲಿ ಯಾರು ಅಂತ ಕೇಳುತ್ತಿದ್ದಾನೆ.

“ಯಾರೂ ಇಲ್ಲಪ್ಪ.” ಪುಟ್ಟಿ.

ಕೂಗಬೇಕು. ಪುಟ್ಟೀ, ಅಪ್ಪ ಇಲ್ಲಿದೀನಿ, ನಿನ್ನ ಇನ್ನೊಂದು ಕಾಲುಚೀಲ ಸಿಕ್ಕಿತು, ಫ್ರಿಜ್ ಹಿಂದೆ —