ಹತ್ತೊಂಬತ್ತು ನಿಮಿಷ ತೇಲಿದ ಡ್ರೋನ್

ಮನೆ, ಹೊಲಿಗೆ ಕೋಣೆ
ತಾರೀಖು ೧೪, ಬುಧವಾರ ಬೆಳಿಗ್ಗೆ

ಪ್ರೀತಿಯ ಡುಮ್ಮಾ,

ಅಮ್ಮನ ಆಶೀರ್ವಾದ. ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಅಡುಗೆಯವನು ಈಗಲಾದರೂ ಅಳತೆ ನೋಡಿ ಉಪ್ಪು ಹಾಕುತ್ತಾನೋ, ಇಲ್ಲ ಇನ್ನೂ ಸಮುದ್ರದ ನೀರನ್ನೇ ಬಡಿಸುತ್ತಾನೋ? ಹೋದ ಪತ್ರದಲ್ಲಿ ‘ಸ್ವಲ್ಪ ಕೆಮ್ಮು’ ಅಂತ ಎರಡೇ ಪದ ಬರೆದು ಮುಂದಕ್ಕೆ ಓಡಿಬಿಟ್ಟಿದ್ದೀಯ. ಒಣ ಕೆಮ್ಮೋ, ಕಫವೋ, ರಾತ್ರಿ ಹೆಚ್ಚೋ, ಹಗಲು ಹೆಚ್ಚೋ, ಒಂದೂ ಇಲ್ಲ. ಮೂವತ್ತನಾಲ್ಕು ವರ್ಷವಾದರೂ ನಿನಗೆ ಅಮ್ಮನಿಗೆ ಕೆಮ್ಮಿನ ಬಗ್ಗೆ ಬರೆಯುವುದು ಹೇಗೆಂದು ಗೊತ್ತಾಗಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ನಿಮ್ಮಪ್ಪ ಹೆಗಲ ಮೇಲಿಂದ ಬಗ್ಗಿ ನೋಡಿ ರೇಗಿದರು. ‘ಕೆಮ್ಮಿನ ಕಥೆ ಆಮೇಲೆ ಬರಿಯೇ, ಮೊದ್ಲು ಜಾಕೆಟ್ ವಿಷಯ ಬರಿ’ ಅಂದರು. ಸರಿ, ಅವರು ಹೇಳಿ ಬರೆಸಿದ್ದನ್ನು ಹಾಗೇ ಬರೆಯುತ್ತೇನೆ: ಈ ಪತ್ರವನ್ನು ಕೊನೆಯವರೆಗೆ ಓದುವ ತನಕ ಅಮ್ಮ ಹೊಲಿದುಕೊಟ್ಟ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಹಾಕಿಕೊಂಡು ಹಡಗಿನ ಅಂಚಿಗೆ ಹೋಗಕೂಡದು. ಹೊಟ್ಟೆಗೆ ಬಿಗಿಯಾದರೂ ಸರಿ, ಹಡಗಿನವರು ಕೊಟ್ಟದ್ದನ್ನೇ ಹಾಕಿಕೊಳ್ಳತಕ್ಕದ್ದು. ‘ತಕ್ಕದ್ದು’ ಕೂಡ ಅವರದ್ದೇ. ಬಸ್ ಡಿಪೋದಲ್ಲಿ ಟೈಂ ಕೀಪರ್ ಆಗಿದ್ದವರು ನಿವೃತ್ತಿಯಾದರೂ ನೋಟೀಸು ಬರೆಯುವುದನ್ನು ಬಿಡುವುದುಂಟೇ? ನಿನ್ನ ಫೋನಂತೂ ನಡುಸಮುದ್ರದಲ್ಲಿ ಸಿಗುವುದಿಲ್ಲ, ಎರಡು ದಿನದಿಂದ ನಿಮ್ಮ ಕಂಪನಿಯ ದಡದ ಆಫೀಸಿಗೆ ಫೋನ್ ಮಾಡಿ ಮಾಡಿ ಅವರ ಗಂಟಲು ಕಟ್ಟಿದೆ. ‘ಬರ್ಕೊಂಡಿದೀವಿ ಸಾರ್, ತಿಳಿಸ್ತೀವಿ’ ಎನ್ನುತ್ತಾರಂತೆ, ತಿಳಿಸಿದರೋ ಬಿಟ್ಟರೋ ದೇವರಿಗೇ ಗೊತ್ತು. ನಿಮಗೆ ಸಾಮಾನು ಹೊತ್ತು ತರುವ ದೋಣಿ ನಾಳೆ ಹೊರಡುತ್ತದೆ. ಅದಕ್ಕೇ ಈ ಅವಸರ.

ಇದೆಲ್ಲ ಶುರುವಾದದ್ದು ನಿನ್ನ ತಂಗಿಯ ಡ್ರೋನಿನಿಂದ. ಪುಟ್ಟಿಯ ಆಫೀಸಿನವರು ಅವಳಿಗೆ ಈಗ ಹಿನ್ನೀರಿನಲ್ಲಿ ಕಳೆ ಎಷ್ಟು ಹಬ್ಬಿದೆ ಎಂದು ಮೇಲಿಂದ ಫೋಟೋ ತೆಗೆದು ಅಳೆಯುವ ಕೆಲಸ ಕೊಟ್ಟಿದ್ದಾರೆ. ಡ್ರೋನ್ ಆಫೀಸಿನದು. ನೀರಿನ ಮೇಲೆ ಹಾರಿಸುವಾಗೆಲ್ಲ ಇವಳು ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಿರುತ್ತಾಳೆ. ‘ಅಮ್ಮಾ, ಬಿದ್ರೂ ಮುಳುಗ್ದೇ ಇರೋ ಹಾಗೆ ಇದಕ್ಕೇನಾದ್ರೂ ಹೊಲ್ಕೊಡೇ’ ಅಂದಳು. ನನಗೋ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜೀಪಿನ ಹುಡ್ಡು, ಟೆಂಟು, ಲೈಫ್ ಜಾಕೆಟ್ಟು ಎಲ್ಲ ಹೊಲಿದ ಕೈ ಇದು, ಡ್ರೋನಿಗೊಂದು ಚಡ್ಡಿ ಹೊಲಿಯುವುದೇನು ಮಹಾ ಅಂದೆ. ಅವಳ ಷರತ್ತುಗಳು ಒಂದೆರಡಲ್ಲ. ರೆಕ್ಕೆಗೆ ತಾಗಬಾರದು, ಕ್ಯಾಮೆರಾದ ಕಣ್ಣು ಮುಚ್ಚಬಾರದು, ಎಲ್ಲ ಸೇರಿ ಒಂದು ಕೋಳಿಮೊಟ್ಟೆಗಿಂತ ಭಾರವಿರಬಾರದು. ಹಳೆಯ ರೇನ್‌ಕೋಟಿನ ತೆಳು ಬಟ್ಟೆಯಲ್ಲಿ ಸೌತೆಕಾಯಿಯ ಹಾಗೆ ನಾಲ್ಕು ಚೀಲ ಹೊಲಿದೆ. ಕತ್ತರಿಸುವ ಮೇಜಿನ ಕೆಳಗೆ ದೋಣಿಯವರಿಗೆ ಹೊಲಿದ ಜಾಕೆಟ್ಟುಗಳದ್ದು ಉಳಿದ ಫೋಮಿನ ತುಂಡುಗಳಿದ್ದವಲ್ಲ, ಅವನ್ನೇ ಒಳಗೆ ತುಂಬಿ ಡ್ರೋನಿನ ನಾಲ್ಕು ಕಾಲಿಗೆ ವೆಲ್ಕ್ರೋ ಪಟ್ಟಿಯಿಂದ ಬಿಗಿದೆ. ಪರೀಕ್ಷೆಯೂ ಆಯಿತು. ಡ್ರೋನಿನಷ್ಟೇ ತೂಗುವ ಹಾಗೆ ಒಂದು ಡಬ್ಬಿಗೆ ಮರಳು ತುಂಬಿ, ಚೀಲಗಳನ್ನು ಅದಕ್ಕೆ ಕಟ್ಟಿ ಬಟ್ಟೆ ಒಗೆಯುವ ಟಬ್ಬಿನಲ್ಲಿ ಬಿಟ್ಟೆವು. ಬಾತುಕೋಳಿ ಮರಿಯ ಹಾಗೆ ತೇಲಿತು. ನಿಮ್ಮಪ್ಪ ಗಡಿಯಾರ ನೋಡಿ ‘ಐದು ನಿಮಿಷ, ಪಾಸು!’ ಎಂದು ಕೂಗಿದರು. ಐದು ನಿಮಿಷ. ನಾವು ನೋಡಿದ್ದು ಅಷ್ಟೇ.

ಸೋಮವಾರ ನಾವು ಮೂವರೂ ದೋಣಿಕಟ್ಟೆಗೆ ಹೋದೆವು. ನನ್ನ ಕೈಕೆಲಸ ಆಕಾಶದಲ್ಲಿ ಹಾರುವುದನ್ನು ನೋಡಬೇಕೆಂದು ನಾನೇ ಹಠ ಹಿಡಿದಿದ್ದೆ. ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಮೂರನೆಯ ಸುತ್ತಿಗೆ ಎಲ್ಲಿತ್ತೋ ಏನೋ ಒಂದು ಹದ್ದು, ನೇರ ಬಂದು ಕುಕ್ಕಿತು ನೋಡು! ಡ್ರೋನ್ ತಲೆಕೆಳಗಾಗಿ ನಡುನೀರಿಗೆ ಬಿತ್ತು. ಪುಟ್ಟಿ ‘ಅಯ್ಯೋ!’ ಎಂದು ಕಿರುಚಿ ಕಣ್ಣು ಮುಚ್ಚಿಕೊಂಡಳು. ಆದರೆ ಅದು ಮುಳುಗಲಿಲ್ಲ ಕಣೋ. ಕೆಂಪು ದೀಪ ಮಿನುಗಿಸುತ್ತ ನೆಟ್ಟಗಾಗಿ ತೇಲುತ್ತಿತ್ತು. ಆಗ ನನ್ನನ್ನು ನೋಡಬೇಕಿತ್ತು ನೀನು. ಕಟ್ಟೆಯ ಮೇಲಿದ್ದವರಿಗೆಲ್ಲ ‘ನಾನೇ ಹೊಲಿದದ್ದು, ನಾನೇ ಹೊಲಿದದ್ದು’ ಎಂದು ಸಾರಿದ್ದೇ ಸಾರಿದ್ದು. ದೋಣಿ ಆಚೆ ದಡದಲ್ಲಿತ್ತು. ‘ನಿಧಾನವಾಗಿ ಬರ್ಲಿ ಬಿಡಿ, ಅದೆಲ್ಲಿಗೂ ಹೋಗಲ್ಲ’ ಎಂದು ಪುಟ್ಟಿಗೂ ನಿಮ್ಮಪ್ಪನಿಗೂ ಧೈರ್ಯ ಹೇಳಿದವಳೂ ನಾನೇ.

ದೋಣಿ ಮೇಸ್ತ್ರಿ ಬಂದರು. ಪುಟ್ಟಿಯೂ ನಾನೂ ಜಾಕೆಟ್ ತೊಟ್ಟು ಹತ್ತಿದೆವು. ನಿಮ್ಮಪ್ಪ ಗಡಿಯಾರ ಹಿಡಿದು ದಡದಲ್ಲೇ ನಿಂತರು. ಹತ್ತಿರ ಹೋಗುತ್ತಿದ್ದಂತೆ ಡ್ರೋನಿನ ಒಂದು ಕಾಲು ಒಳಗೆ ಹೋದದ್ದು ಕಂಡಿತು. ಅಲೆಗಿರಬೇಕು ಅಂದುಕೊಂಡೆ. ಆಮೇಲೆ ಇನ್ನೊಂದು ಕಾಲು. ಇನ್ನು ಹತ್ತು ಮಾರು ಇದೆ ಎನ್ನುವಾಗ ಅದು ಒಂದು ಸಲ ಹೊರಳಿ, ದೀಪ ಹಾಗೇ ಮಿನುಗುತ್ತ, ನಮ್ಮ ಕಣ್ಣೆದುರೇ ಕೆಳಗೆ ಇಳಿದುಹೋಯಿತು. ದಡದಿಂದ ನಿಮ್ಮಪ್ಪ ‘ಹತ್ತೊಂಬತ್ತು!’ ಎಂದು ಕೂಗಿದರು. ಯಾರೂ ನಗಲಿಲ್ಲ.

ಮೇಸ್ತ್ರಿ ಉದ್ದನೆಯ ಗಳಕ್ಕೆ ಕೊಕ್ಕೆ ಕಟ್ಟಿ ಅರ್ಧ ಗಂಟೆ ತಡಕಾಡಿ ಅದನ್ನು ಮೇಲೆತ್ತಿದರು. ಅಷ್ಟು ಸಣ್ಣ ವಸ್ತುವನ್ನು ಎರಡೂ ಕೈಯಲ್ಲಿ ಎಳೆಯಬೇಕಾಯಿತು. ಪುಟ್ಟಿ ಒಂದು ಚೀಲವನ್ನು ಬಿಚ್ಚಿ ಹಿಂಡಿದಳು. ನೀರು ಸುರಿಯಿತು. ಮತ್ತೆ ಹಿಂಡಿದಳು, ಮತ್ತೆ ಸುರಿಯಿತು. ಪಾತ್ರೆ ತೊಳೆಯುವ ಸ್ಪಂಜನ್ನು ಹಿಂಡಿದ ಹಾಗೆ! ಅವಳು ನನ್ನ ಮುಖ ನೋಡಿ, ‘ಅಮ್ಮಾ, ಇದು ಯಾವ ಫೋಮು?’ ಎಂದು ಕೇಳಿದಳು. ನಾನು ನೋಡುತ್ತಿದ್ದದ್ದು ಅವಳ ಎದೆಯ ಮೇಲಿದ್ದ ಜಾಕೆಟ್ಟನ್ನು. ಆಮೇಲೆ ಮೇಸ್ತ್ರಿಯದನ್ನು. ಆಮೇಲೆ ದೋಣಿಯ ಗೂಟಗಳಿಗೆ ಸಾಲಾಗಿ ನೇತುಹಾಕಿದ್ದ ಶಾಲೆಯ ಮಕ್ಕಳ ಜಾಕೆಟ್‌ಗಳನ್ನು. ಒಂದೊಂದರ ಮೇಲೂ ನಾನೇ ಕಸೂತಿ ಹಾಕಿದ ಹಳದಿ ಬಾತುಕೋಳಿ. ಅವುಗಳೊಳಗೂ ಇದೇ ಫೋಮು ಮಗನೇ! ನಡುನೀರಿನಲ್ಲಿ ನಾವು ಮೂರು ಜನ ಮೈಗೆ ಸ್ಪಂಜು ಕಟ್ಟಿಕೊಂಡು ಕೂತಿದ್ದೆವು. ಪುಟ್ಟಿ ನನ್ನ ಕೈ ಹಿಡಿದುಕೊಂಡಳು.

ಮನೆಗೆ ಬಂದವಳೇ ಒಂದು ಜಾಕೆಟ್ಟಿಗೆ ಕಲ್ಲು ಕಟ್ಟಿ ಹಿತ್ತಲಿನ ತೊಟ್ಟಿಗೆ ಹಾಕಿದೆ. ಕಲ್ಲು ಹೆಚ್ಚೇನಿಲ್ಲ, ನೀರಿನಲ್ಲಿ ಮನುಷ್ಯನ ಮೈ ಎಷ್ಟು ತೂಗುತ್ತದೋ ಅಷ್ಟು ಎಂದು ಪುಟ್ಟಿ ಲೆಕ್ಕ ಹಾಕಿ ಕೊಟ್ಟದ್ದು. ನಿಮ್ಮಪ್ಪ ಸ್ಟೂಲ್ ಹಾಕಿಕೊಂಡು ಕೂತರು. ಮೊದಲು ಚೆನ್ನಾಗಿಯೇ ತೇಲಿತು. ಕಾಲು ಗಂಟೆಗೆ ಭುಜ ಇಳಿಯಿತು. ಹೊಲಿಗೆಯ ತೂತುಗಳಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ನನ್ನದೇ ಸೂಜಿಯ ತೂತುಗಳು. ಮೂವತ್ತೊಂದನೆಯ ನಿಮಿಷಕ್ಕೆ ಜಾಕೆಟ್ಟು ತೊಟ್ಟಿಯ ತಳದಲ್ಲಿತ್ತು. ನಿಮ್ಮಪ್ಪ ಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅವರು ಹಾಗೆ ಮಾಡಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ.

ಒಟ್ಟು ಎಂಬತ್ತಾರು ಜಾಕೆಟ್ಟು. ಎರಡು ವರ್ಷ ಎಂಬತ್ತಾರು ಜನ ಅದನ್ನು ನಂಬಿ ಬೆಳಿಗ್ಗೆ ಸಂಜೆ ನೀರು ದಾಟಿದ್ದಾರೆ. ಅದರಲ್ಲಿ ಇಪ್ಪತ್ತೆರಡು ಬಾತುಕೋಳಿ. ಪುಣ್ಯಕ್ಕೆ ಒಬ್ಬರೂ ನೀರಿಗೆ ಬಿದ್ದಿಲ್ಲ. ಮೇಸ್ತ್ರಿ ಆ ದಿನವೇ ದೋಣಿ ನಿಲ್ಲಿಸಿದರು. ಮಕ್ಕಳು ಈಗ ಬಸ್ಸಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದಾರೆ. ನಾನೂ ಪುಟ್ಟಿಯೂ ಮನೆಮನೆಗೆ ಹೋಗಿ ಜಾಕೆಟ್ಟುಗಳನ್ನು ವಾಪಸು ತಂದೆವು. ಒಂದು ಪುಟಾಣಿ ತನ್ನ ಬಾತುಕೋಳಿಯನ್ನು ಕೊಡುವುದೇ ಇಲ್ಲವೆಂದು ಅಪ್ಪಿ ಹಿಡಿದುಕೊಂಡು ಅತ್ತಿತು. ಬಾಗಿಲ ಹೊರಗೆ ಬಂದು ನಾನೂ ಅತ್ತೆ.

ಫೋಮಿನ ಅಂಗಡಿಯವನ ಹತ್ತಿರ ಹೋಗಿ ಪುಟ್ಟಿ ಜಗಳವಾಡಿದಳು. ಅವನು ಕಣ್ಣು ಕೂಡ ಮಿಟುಕಿಸಲಿಲ್ಲ. ‘ಅಲ್ಲಮ್ಮಾ, ಬಿಳೀದು ಬರ್ತಾ ಇಲ್ಲ, ಬೂದು ಇದೆ ಅಂದೆ. ನಿಮ್ಮಮ್ಮ ಆಗ್ಲಿ ಅಂದ್ರು. ಇದು ಕುರ್ಚಿಗೆ ಹಾಕೋ ಫೋಮು. ನೀರಿಗೆ ಅಂತ ನಂಗೆ ಯಾರು ಹೇಳಿದ್ರು?’ ಎಂದ. ಈಗ ಎಲ್ಲರೂ ಅವನನ್ನೇ ಬೈಯುತ್ತಿದ್ದಾರೆ. ನಿಮ್ಮಪ್ಪ, ‘ನಿಂಗೆ ಹೇಗೆ ಗೊತ್ತಾಗ್ಬೇಕಿತ್ತು, ಸುಮ್ನೆ ಕೊರಗಬೇಡ’ ಎನ್ನುತ್ತಾರೆ. ಮೇಸ್ತ್ರಿಯಂತೂ ‘ಅಕ್ಕಾ, ನಿಮ್ಮದೇನು ತಪ್ಪಿದೆ’ ಎಂದು ನನಗೇ ಸಮಾಧಾನ ಹೇಳಿಹೋದರು. ನಾಳೆ ಸಂಜೆ ದೋಣಿಕಟ್ಟೆಯಲ್ಲಿ ಆ ಮಕ್ಕಳ ತಾಯಂದಿರೂ ಉಳಿದವರೂ ಎಲ್ಲರೂ ಸೇರುತ್ತಾರೆ. ನಾನೂ ಬರಬೇಕಂತೆ.

ಮನೆಯಲ್ಲಿ ಈಗ ಇರುವುದೊಂದೇ ಚಿಂತೆ, ನಿನ್ನದು. ನಿನ್ನ ಜಾಕೆಟ್ಟನ್ನೂ ನಾನು ಹೊಲಿದದ್ದು ಬಾತುಕೋಳಿಗಳನ್ನು ಹೊಲಿದ ವಾರವೇ ಅಲ್ಲವೇ? ಸೋಮವಾರ ಸಂಜೆ ತೊಟ್ಟಿಯ ಪಕ್ಕದಲ್ಲಿ ನಿಂತಿದ್ದಾಗ ಪುಟ್ಟಿಗೆ ಅದು ಹೊಳೆಯಿತು. ‘ಅಣ್ಣಂದು!’ ಎಂದು ಕಿರುಚಿದಳು. ಆವಾಗಿಂದ ನಿಮ್ಮಪ್ಪ ನಿದ್ದೆ ಮಾಡಿಲ್ಲ, ಊಟಕ್ಕೆ ಕೂತರೆ ನಡುವೆಯೇ ಎದ್ದು ಫೋನ್ ಮಾಡುತ್ತಾರೆ. ಆದ್ದರಿಂದ ಈ ಪತ್ರ ಸಿಕ್ಕಿದ ಕೂಡಲೇ ಹೇಗಾದರೂ ಮಾಡಿ ಒಂದು ಮಾತು ತಿಳಿಸು. ಡ್ರೋನ್ ಒಣಗಿಸಲು ಇಟ್ಟಿದ್ದೇವೆ, ಹಾರುತ್ತದೋ ಇಲ್ಲವೋ ಗೊತ್ತಿಲ್ಲ. ಅದರ ಚಿಂತೆ ಈಗ ಪುಟ್ಟಿಗೂ ಇಲ್ಲ.

ಹೊಟ್ಟೆತುಂಬ ತಿನ್ನು, ಕೆಮ್ಮಿಗೆ ಬಿಸಿನೀರು ಕುಡಿ. ನಿಮ್ಮಪ್ಪನ ಆಶೀರ್ವಾದ, ಪುಟ್ಟಿಯ ನೆನಪುಗಳು. ನೂರು ಕಾಲ ಬಾಳು ನನ್ನಪ್ಪಾ.

ನಿನ್ನ
ಅಮ್ಮ

ತಾ.ಕ.: ನಿಮ್ಮಪ್ಪ ಮೇಲಿನದನ್ನು ಓದಿ, ಸರಿಯಾಗಿದೆ ಎಂದು ತಲೆಯಾಡಿಸಿ ಗೋಂದು ತರಲು ಅಂಗಡಿಗೆ ಹೋಗಿದ್ದಾರೆ. ಅವರು ಬರುವುದರೊಳಗೆ ಇದನ್ನು ಬರೆಯಬೇಕು. ಡುಮ್ಮಾ, ನಿನ್ನ ಜಾಕೆಟ್ಟು ಮುಳುಗುವುದಿಲ್ಲ. ಎಡಗಂಕುಳಿನ ಹೊಲಿಗೆ ಬಿಚ್ಚಿ ನೋಡು, ಒಳಗೆ ಬಿಳಿ ಫೋಮಿದೆ. ಹಳೆಯದು, ಒಳ್ಳೆಯದು. ಧೈರ್ಯವಾಗಿ ಹಾಕಿಕೋ. ಬೂದು ಫೋಮು ಬಂದ ದಿನವೇ ನಾನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದೆ. ಬಿಳಿಯದು ತಟ್ಟನೆ ಮೇಲೇಳುತ್ತಿತ್ತು. ಇದರಲ್ಲಿ ಬೆರಳಿನ ಗುಳಿ ಎಷ್ಟೋ ಹೊತ್ತು ಹಾಗೇ ಉಳಿಯಿತು. ಇದೇಕೋ ಸರಿಯಿಲ್ಲ ಎಂದು ಆಗಲೇ ಅನ್ನಿಸಿತು ಕಣೋ. ಶಾಲೆ ಶುರುವಾಗಲು ನಾಲ್ಕು ದಿನವಿತ್ತು, ಸೂಜಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತಿತ್ತು, ಎಲ್ಲರೂ ‘ಎಷ್ಟು ಮೆತ್ತಗಿದೆ’ ಎಂದು ಹೊಗಳಿದರು, ನಾನು ಸುಮ್ಮನಾದೆ. ಮೂಲೆಯಲ್ಲಿ ಬಿಳಿಯ ಹಾಳೆಗಳು ಒಂದಿಷ್ಟು ಉಳಿದಿದ್ದವು. ಅದರಲ್ಲಿ ಆರು ಬಾತುಕೋಳಿ ಆಗುತ್ತಿತ್ತು. ನಿನ್ನ ಗಾತ್ರಕ್ಕೆ ಒಂದೇ ಆಯಿತು. ಅನುಮಾನ ಇಲ್ಲದಿದ್ದರೆ ಅದನ್ನು ನಿನಗೊಬ್ಬನಿಗೇ ಏಕೆ ಎತ್ತಿಟ್ಟೆ? ಹೋದ ವರ್ಷ ಪುಟ್ಟಿ ನೀರಿನ ಕೆಲಸಕ್ಕೆ ಸೇರಿ ಜಾಕೆಟ್ ಕೇಳಿದಳು. ಆ ಹೊತ್ತಿಗೆ ಯಾರೂ ಬಿದ್ದಿರಲಿಲ್ಲ, ನನ್ನ ಅನುಮಾನವೂ ಮರೆತುಹೋಗಿತ್ತು. ಅವಳಿಗೆ ನನ್ನ ಕೈಯಾರೆ ಬೂದು ತುಂಬಿಸಿ ಕೊಟ್ಟೆ. ‘ಅವನದು ಬಿಳಿ, ಹೆದರಬೇಡಿ’ ಎಂದು ನಾನು ಸೋಮವಾರವೇ ಒಂದು ಮಾತು ಹೇಳಿದ್ದರೆ ನಿಮ್ಮಪ್ಪ ಈ ಎರಡು ದಿನ ಹೀಗೆ ಬೇಯುತ್ತಿರಲಿಲ್ಲ. ಹೇಳಲಿಲ್ಲ. ಹೇಳಿದರೆ ಏಕೆ ಎಂದು ಕೇಳುತ್ತಾರಲ್ಲ. ನಾಳೆ ದೋಣಿಕಟ್ಟೆಯಲ್ಲಿ ಆ ತಾಯಂದಿರ ಮುಂದೆ ನಿಂತು ಹೇಳಲೇಬೇಕು, ಅದಕ್ಕೂ ಮೊದಲು ಮನೆಯಲ್ಲಿ. ಗೇಟಿನ ಸದ್ದಾಯಿತು, ನಿಮ್ಮಪ್ಪ ಬಂದರು. ಈ ಹಾಳೆಯನ್ನು ನಾನು ಮಡಿಚುವುದಿಲ್ಲ, ಮೇಜಿನ ಮೇಲೆ ಬಿಚ್ಚಿಟ್ಟಿದ್ದೇನೆ. ಅವರೇ ಓದಿ ಅಂಟಿಸಲಿ.