ತುಂಬಿ ಬಂದ ನಾಣ್ಯದ ಟ್ರೇ

ಮನೆಯಿಂದ
ಶುಕ್ರವಾರ, ತಾರೀಕು ಹದಿನಾಲ್ಕು

ಪ್ರೀತಿಯ ಅಣ್ಣಾ,

‘ಪ್ರೀತಿಯ’ ಎಂದು ಬರೆದದ್ದು ಕೈಯ ಅಭ್ಯಾಸ, ಹೆಚ್ಚು ಅರ್ಥ ಹಚ್ಚಬೇಡ. ನಿನ್ನ ಸೊಂಟನೋವು ಹೇಗಿದೆ? ಅಪ್ಪನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದಾಗಲೆಲ್ಲ ಎದ್ದು ಕೂರುತ್ತಿದ್ದ ಆ ನೋವು, ಅವರ ನಾಣ್ಯದ ಟ್ರೇ ಹೊತ್ತು ಮೆಟ್ಟಿಲಿಳಿದ ದಿನ ಮಾತ್ರ ಕಾಣಲಿಲ್ಲ. ಅತ್ತಿಗೆ ಚೆನ್ನಾಗಿದ್ದಾರೆಂದು ನಂಬುತ್ತೇನೆ. ನಾನು ಚೆನ್ನಾಗಿಲ್ಲ, ಕಾರಣ ನೀನು.

“ತಿಳಿದವರಿಗೆ ತೋರಿಸಿ ವಾಪಸ್ ತರ್ತೀನಪ್ಪಾ” ಎಂದು ಒಯ್ದೆ. ತಂದೂ ಕೊಟ್ಟೆ. ಕಿಟಕಿ ಎಲ್ಲಿದೆ ಎಂಬುದಷ್ಟೇ ಕಾಣುವ ಆ ಮನುಷ್ಯನ ತೊಡೆಯ ಮೇಲಿಟ್ಟು, ಚಹಾ ಕುಡಿದು ಹೋದೆ. ಅಪ್ಪ ಟ್ರೇ ಮೇಲೆ ಒಮ್ಮೆ ಬೆರಳಾಡಿಸಿ, “ಬೀರುವಿನಲ್ಲಿ ಇಡಮ್ಮ” ಎಂದು ನನ್ನ ಕೈಗೆ ಕೊಟ್ಟರು. ಧೂಳು ಒರೆಸೋಣವೆಂದು ನಾಣ್ಯಗಳನ್ನು ತೆಗೆದೆ. ಮೊದಲನೆಯದರ ಅಂಚಿನಲ್ಲಿ ಒಂದು ಸೀಳು. ಎರಡನೆಯದರಲ್ಲೂ ಅದೇ ಜಾಗದಲ್ಲಿ ಅದೇ ಸೀಳು. ಮೂರನೆಯದರಲ್ಲೂ.

ಅಪ್ಪನವು ಸುತ್ತಿಗೆಯಿಂದ ಬಡಿದು ಮಾಡಿದ ಹಳೆಯ ನಾಣ್ಯಗಳು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬೆಳ್ಳಿಯ ಬಿಲ್ಲೆ, ಮೇಲಿನಿಂದ ಪೆಟ್ಟು. ಪ್ರತಿ ಸಲವೂ ಅಂಚು ಬೇರೆ ಕಡೆ ಸೀಳುತ್ತದೆ, ಚಿತ್ರ ಬೇರೆ ಕಡೆ ಜಾರುತ್ತದೆ. ಒಂದರಂಥ ಇನ್ನೊಂದು ಸಿಗುವುದಿಲ್ಲ. ಇದನ್ನು ಕಲಿಸಲೆಂದೇ ಚಿಕ್ಕಂದಿನಲ್ಲಿ ಅಪ್ಪ ನಮ್ಮ ಕಣ್ಣಿಗೆ ಟವೆಲ್ ಕಟ್ಟಿ, ಅಂಚು ಮುಟ್ಟಿಸಿ, “ಇದು ಯಾವುದು, ಹೇಳಿ ನೋಡೋಣ” ಎನ್ನುತ್ತಿದ್ದರು. ನೀನು ಟವೆಲ್ ಸಂದಿಯಿಂದ ಇಣುಕಿ ಗೆಲ್ಲುತ್ತಿದ್ದೆ. ಗೆದ್ದೆಯೇ ಹೊರತು ಕಲಿಯಲಿಲ್ಲ. ಅದಕ್ಕೇ ಒಂದೇ ನಾಣ್ಯದಿಂದ ಎರಕದ ಅಚ್ಚು ತೆಗೆಸಿ, ಟ್ರೇಯಲ್ಲಿ ನಾಣ್ಯ ಕೂರುವ ಗುಳಿ ಎಷ್ಟಿದ್ದವೋ ಅಷ್ಟನ್ನೂ ಹೊಯ್ಸಿಕೊಂಡು ಬಂದಿದ್ದೀಯ. ಮೋಸ ಮಾಡುವುದಕ್ಕೂ ನಿನಗೆ ಮೈಗಳ್ಳತನ.

ಅಪ್ಪನ ನಾಣ್ಯಗಳ ಬೆಲೆ ಬೆಳ್ಳಿಯಲ್ಲಿಲ್ಲ, ಸಾಲಿನಲ್ಲಿದೆ. ಅಂಗಿಗುಂಡಿಯ ಕಾರ್ಖಾನೆಯಲ್ಲಿ ಅಚ್ಚು ಕೊರೆಯುತ್ತಿದ್ದ ಅಪ್ಪ ಅಲ್ಲಿ ಬಿರುಕು ಬಿಟ್ಟ ಅಚ್ಚನ್ನು ಎಸೆದು ಬರುತ್ತಿದ್ದರು. ಮನೆಯಲ್ಲಿ ಮಾತ್ರ, ಬಿರುಕು ಬಿಟ್ಟ ಒಂದೇ ಹಳೆಯ ಅಚ್ಚಿನಿಂದ ಹುಟ್ಟಿದ ನಾಣ್ಯಗಳನ್ನು ವರ್ಷಗಟ್ಟಲೆ ಹುಡುಕಿ ಕೂಡಿಸಿದರು. ಮೊದಲನೆಯದರಲ್ಲಿ ರಾಜನ ಕಿವಿಯ ಬಳಿ ಕೂದಲೆಳೆಯಂಥ ಉಬ್ಬುಗೆರೆ. ಅಚ್ಚಿನ ಬಿರುಕು ಬೆಳೆದಂತೆ ಮುಂದಿನವುಗಳಲ್ಲಿ ಅದು ಕೆನ್ನೆಗಿಳಿಯುತ್ತದೆ. ಕೊನೆಯದರಲ್ಲಿ ಮುಖವೇ ಎರಡು ಹೋಳು. ಕಣ್ಣು ಹೋದ ಮೇಲೆ ಅಪ್ಪ ದಿನಾ ಬೆರಳಿನಲ್ಲಿ ಓದುತ್ತಿದ್ದದ್ದು ಆ ಸಾಲೊಂದನ್ನೇ.

ಅವರು ಟ್ರೇ ಕೇಳಿದರೆ ಬೀರುವಿನ ಬೀಗ ಕೆಟ್ಟಿದೆ ಎನ್ನಲು ಸುಳ್ಳು ಸಿದ್ಧ ಮಾಡಿಕೊಂಡಿದ್ದೇನೆ. ನನ್ನ ಪುಣ್ಯಕ್ಕೆ ಇನ್ನೂ ಕೇಳಿಲ್ಲ. ನಿನ್ನ ಸೋಫಾ ಅಂಗಡಿ ಮುಳುಗುತ್ತಿದೆಯೋ ತೇಲುತ್ತಿದೆಯೋ ನನಗೆ ಬೇಡ. ಮಾರಿದ್ದರೆ ಕೊಂಡವರ ಕಾಲು ಹಿಡಿದಾದರೂ ಬಿಡಿಸಿಕೊಂಡು ಬಾ. ಮುಂದಿನ ಭಾನುವಾರದೊಳಗೆ ನಾಣ್ಯಗಳು ಬರದಿದ್ದರೆ ಅಪ್ಪನಿಗೆ ಎಲ್ಲ ಹೇಳುತ್ತೇನೆ. “ನನ್ನ ಮಗ” ಎಂದು ಅಕ್ಕಪಕ್ಕದವರ ಮುಂದೆ ಕೊಚ್ಚಿಕೊಳ್ಳುವುದು ಅಲ್ಲಿಗೆ ಮುಗಿಯುತ್ತದೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಇಷ್ಟು ಸಾಕು.

ನಿನ್ನ ತಂಗಿ
(ಇದನ್ನು ಬದಲಾಯಿಸಲು ಬರುವುದಿಲ್ಲವಲ್ಲ)

ತಾ.ಕ.: ಮೇಲಿನ ಬೆದರಿಕೆ ಕೆಲಸಕ್ಕೆ ಬಾರದು. ಲಕೋಟೆಗೆ ಅಂಟು ಹಚ್ಚುವಾಗ ಅಪ್ಪ, “ಅವನಿಗೇನಾ?” ಎಂದರು. ಹೂಂ ಎಂದೆ. ಕಣ್ಣು ಹೋದಾಗಿನಿಂದ ಆ ಒಡೆದ ಮುಖದ ಕೊನೆಯ ನಾಣ್ಯವನ್ನು ಅವರು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದರಂತೆ, ನನಗೂ ಗೊತ್ತಿರಲಿಲ್ಲ. “ಒಂದು ಗುಳಿ ಖಾಲಿ ಇರೋ ಟ್ರೇ ಒಯ್ದ, ಅದನ್ನೂ ತುಂಬಿಸಿ ತಂದ. ಅವತ್ತೇ ಗೊತ್ತಾಯ್ತು. ನಿನಗೆ ಗೊತ್ತಾದ್ರೆ ಅವನ ಜೊತೆ ಮಾತು ಬಿಡ್ತೀಯ ಅಂತ ಸುಮ್ಮನಿದ್ದೆ” ಎಂದರು. ಆಮೇಲೆ ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟರು: “ಸಾಲು ಒಡೀಬಾರದು. ಇದನ್ನೂ ಅವನಿಗೇ ಕಳಿಸು.” ನಾನಾಗಿದ್ದರೆ ಕಳಿಸುತ್ತಿರಲಿಲ್ಲ. ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ, ಲಕೋಟೆ ಹರಿಯುವಾಗ ಬೀಳಿಸಬೇಡ. ಇದನ್ನು ಬರೆಯುವಷ್ಟರಲ್ಲಿ ಅವರ ಕೈ ಎರಡು ಸಲ ಖಾಲಿ ಜೇಬಿಗೆ ಹೋಗಿ ಬಂತು.