ಕೇಳದೆ ಪಡೆದ ಕ್ಷಮೆ

ಚಾಮರಾಜಪೇಟೆ
ಗುರುವಾರ, 10 ಅಕ್ಟೋಬರ್ 2024

ವಿನೋದಿನಿಗೆ,

ಕಾಗದದ ತಲೆಯಲ್ಲಿ ‘ಕರ್ತನಲ್ಲಿ ಪ್ರಿಯಳಾದ’ ಎಂದು ಬರೆಯುವುದು ನಮ್ಮಮ್ಮ ಕಲಿಸಿದ ಪದ್ಧತಿ. ಇವತ್ತು ಕೈ ಬರಲಿಲ್ಲ, ಬರಿಯ ಹೆಸರು ಬರೆದಿದ್ದೇನೆ. ನಿನ್ನ ಕಾಲು ಹೇಗಿದೆ? ಅದನ್ನು ಕೇಳುವುದಕ್ಕೆ ನನಗೆ ಸಂಕಟವಿಲ್ಲ, ತಪ್ಪು ಮಾಡಿದ್ದು ಕಾಲಲ್ಲ.

ಎರಡು ರಸ್ತೆ ಆಚೆ ಇರುವವಳಿಗೆ ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನ್ ಮಾಡಿದರೆ ಅಳುತ್ತೀಯ. ನೀನು ಅತ್ತರೆ ಸಮಾಧಾನ ಹೇಳುವ ಕೆಲಸ ಸಂಡೇ ಸ್ಕೂಲಿನ ಕಾಲದಿಂದ ನನ್ನದೇ. ವಾಟ್ಸಾಪಿನಲ್ಲಿ ಬರೆದರೆ ಸಂಜೆಯೊಳಗೆ ಪ್ರಾರ್ಥನಾ ಗುಂಪಿಗೆ ಹೋಗಿ ಎಲ್ಲರೂ ಕೈ ಮುಗಿದ ಚಿತ್ರ ಹಾಕುತ್ತಾರೆ. ಕಾಗದವಾದರೆ ಮುಗಿಯುವ ತನಕ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಭಾನುವಾರ ಆರಾಧನೆಯಲ್ಲಿ ನೀನು ಕೋಲೂರಿಕೊಂಡು ಮುಂದೆ ಹೋಗಿ ಮೈಕು ಹಿಡಿದಾಗ, ಕಾಲು ಕೂಡಿಕೊಂಡಿದ್ದಕ್ಕೆ ಸಾಕ್ಷಿ ಹೇಳುತ್ತೀಯ ಅಂದುಕೊಂಡೆ. ಹೇಳಿದೆ. ಬಚ್ಚಲಲ್ಲಿ ಜಾರಿ ಬಿದ್ದದ್ದು, ಒಂಟಿ ಹೆಂಗಸಾಗಿ ಮಲಗಿದ್ದಾಗ ದೇವರು ನಿನ್ನ ಪಕ್ಕದ ಮನೆಯ ತುಳಸಮ್ಮನವರಂಥ ಅನ್ಯರ ಕೈಯಲ್ಲಿ ದಿನವೂ ಬಿಸಿ ಸಾರು, ಅನ್ನ ಕಳಿಸಿದ್ದು, ಎಲ್ಲ ಚೆನ್ನಾಗಿತ್ತು. ಆಮೇಲೆ ನನ್ನ ಬೆಂಚಿನ ಕಡೆ ತಿರುಗಿ, “ನನ್ನಿಂದ ಒಂದು ಮನೆಗೆ ನೋವಾಗಿತ್ತು. ನಮ್ಮ ಸುಶೀಲಾ ನನ್ನನ್ನ ಪೂರ್ಣ ಮನಸ್ಸಿಂದ ಕ್ಷಮಿಸಿದಾಳೆ, ಕರ್ತನಿಗೆ ಸ್ತೋತ್ರ” ಅಂದೆ. ಸಭೆಯೆಲ್ಲ ಸ್ತೋತ್ರ ಅಂದಿತು. ಹಿಂದಿನ ಬೆಂಚಿನವರು ಕಣ್ಣೊರೆಸಿಕೊಂಡರು.

ನಾನು ಯಾವಾಗ ಕ್ಷಮಿಸಿದೆ, ವಿನೋದಾ? ನೀನು ಯಾವಾಗ ಕೇಳಿದೆ?

ಹೊರಗೆ ಬಂದಾಗ ಹೆಂಗಸರೆಲ್ಲ ನನ್ನ ಕೈ ಹಿಡಿದು ಕುಲುಕಿದರು. ಒಬ್ಬರು, “ನಿಮ್ ಥರ ದೊಡ್ ಮನಸ್ಸು ನಮಗೆ ಬರಲ್ಲಪ್ಪ” ಅಂದರು. ಸಭಾಪಾಲಕರು ಮೆಟ್ಟಿಲ ಹತ್ತಿರ ತಡೆದು, ಬರುವ ಭಾನುವಾರ ಹೆಂಗಸರ ವಿಶೇಷ ಆರಾಧನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಿಂತು ಕ್ಷಮೆಯ ಬಗ್ಗೆ ಮಾತಾಡಬೇಕು, ಅದು ಇಡೀ ಸಭೆಗೆ ಆಶೀರ್ವಾದ ಎಂದರು. ನಾನು ಹೂಂ ಅನ್ನಲಿಲ್ಲ. ಊಹೂಂ ಅನ್ನಲು ನೀನು ದಾರಿ ಬಿಟ್ಟಿರಲಿಲ್ಲ. ನನ್ನ ಮನೆಯ ಸಾಮಾನನ್ನು ನನ್ನನ್ನು ಕೇಳದೆ ಎತ್ತಿಕೊಂಡು ಹೋಗಿ, ನಾನೇ ಕೊಟ್ಟೆನೆಂದು ಬೀದಿಗೆಲ್ಲ ಹೇಳಿಬಿಟ್ಟ ಹಾಗಾಯಿತು.

ನೀನು ‘ಒಂದು ನೋವು’ ಎಂದು ಮುಗಿಸಿಬಿಟ್ಟೆಯಲ್ಲ, ಆ ನೋವು ಏನೆಂದು ನಾನು ಬರೆಯುತ್ತೇನೆ. ಮಾರ್ಚಿನಲ್ಲಿ ನಿನ್ನ ಮನೆಯಲ್ಲಿ ಪ್ರಾರ್ಥನಾ ಕೂಟ. ನಡುಮನೆಯ ತುಂಬ ಜನ. ನನ್ನ ಮಗಳು ದೀಪ್ತಿ ಚಾಪೆಯ ಮೇಲೆ ಹಾಡಿನ ಪುಸ್ತಕ ಹಿಡಿದು ಕೂತಿದ್ದಳು. ಅವಳಿಗೆ ಸಂಬಂಧ ಮಾತಾಡುತ್ತಿದ್ದ ಹುಡುಗನ ದೊಡ್ಡಮ್ಮ ಸೋಫಾದಲ್ಲಿದ್ದರು. ಎಲ್ಲರೂ ಕಣ್ಣು ಮುಚ್ಚಿದೆವು. ನೀನು ಊರಿನವರ ಕಾಯಿಲೆಗಳನ್ನೆಲ್ಲ ಹೇಳಿ ಮುಗಿಸಿ, “ಅಪ್ಪಾ ತಂದೆಯೇ, ನಮ್ ದೀಪ್ತಿ ಮನಸ್ಸನ್ನ ಮುಟ್ಟಿ ಸ್ವಸ್ಥ ಮಾಡು, ಅವಳು ಮತ್ತೆ ಆ ಆಸ್ಪತ್ರೆಗೆ ಹೋಗದ ಹಾಗೆ ಕಾಪಾಡು, ಆ ಮಾತ್ರೆಗಳಿಂದ ಬಿಡುಗಡೆ ಕೊಡು” ಅಂದೆ. ಎಲ್ಲರೂ ಆಮೆನ್ ಅಂದರು. ಅಭ್ಯಾಸಬಲದಿಂದ ನನ್ನ ಬಾಯಿಂದಲೂ ಆಮೆನ್ ಬಂತು.

ಎರಡು ವರ್ಷದ ಹಿಂದೆ ಅವಳು ಊಟ, ನಿದ್ದೆ ಬಿಟ್ಟು ಗೋಡೆ ನೋಡುತ್ತ ಕೂತಾಗ, ಆಸ್ಪತ್ರೆಗೆ ಆಟೋ ಕರೆದು ತಂದವಳು ನೀನು. ಅವಳ ತಲೆ ನಿನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಅವಳು ನಿನ್ನ ಕೈ ಹಿಡಿದು, “ಯಾರಿಗೂ ಹೇಳ್ಬೇಡಿ ಆಂಟಿ” ಅಂದದ್ದನ್ನು ನಾನೇ ಕೇಳಿದ್ದೇನೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ದೇವರಿಗೆ ಹೇಳಿದ್ದು ತಪ್ಪಾ ಎಂದು ಅವತ್ತು ಮುಖ ಸಣ್ಣ ಮಾಡಿಕೊಂಡೆಯಲ್ಲ, ದೇವರಿಗೆ ಹೇಳಲು ನಿನಗೆ ಅಷ್ಟು ಜನರ ಕಿವಿ ಬೇಕಿತ್ತೆ? ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕೂ ನಿನ್ನ ಹಾಗೆ ಭಕ್ತಿಯಿಂದ ಕುಡಿಯಲಾರದು.

ಸಂಬಂಧ ಮುರಿಯಿತು. ಅದಕ್ಕೆ ನಾನು ಅತ್ತೆ, ಅವಳು ಅಳಲಿಲ್ಲ. ಅವಳನ್ನು ಅಳಿಸಿದ್ದು ಬೇರೆ. ನಮ್ಮ ಸಭೆಯ ಗುಡಿಯ ಅಂಗಳದಲ್ಲಿ ಸಿಕ್ಕಿದವರೆಲ್ಲ ದನಿ ತಗ್ಗಿಸಿ, “ಈಗ ಹುಷಾರಾಗಿದೀಯಾ ಪುಟ್ಟಾ?” ಎಂದು ತಲೆ ಸವರಲು ಶುರು ಮಾಡಿದರು. ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳುವ ಹುಡುಗಿ. ನೀನು ಸಕ್ಕರೆ ಕಾಯಿಲೆಗೆ ನುಂಗುವ ಹಾಗೆಯೇ ದಿನಕ್ಕೊಂದು ಮಾತ್ರೆ ನುಂಗಿ ಚೆನ್ನಾಗಿರುವವಳು. ಗಾಯನ ತಂಡ ಬಿಟ್ಟಳು, ಆಮೇಲೆ ಗುಡಿಯನ್ನೇ ಬಿಟ್ಟಳು. ಭಾನುವಾರ ನಾನು ಒಬ್ಬಳೇ ಹೋಗಿ ಬರುತ್ತೇನೆ.

ಕ್ಷಮಿಸಬೇಕು ಎಂಬುದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ಕರ್ತನ ಪ್ರಾರ್ಥನೆಯಲ್ಲಿ ‘ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು’ ಎಂಬ ಸಾಲನ್ನು ನಾನು ಹೇಳುವುದಿಲ್ಲ. ಪಕ್ಕದವರು ಹೇಳಿ ಮುಗಿಸುವ ತನಕ ಕಾಯುತ್ತೇನೆ. ಮಾರ್ಚಿನಿಂದ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಕೈ ಚಾಚಿಲ್ಲ, ನೀನು ಗಮನಿಸಿರಲಿಕ್ಕಿಲ್ಲ. ನಿನ್ನ ಮನೆಯ ಹೊಸಿಲು ತುಳಿದಿಲ್ಲ. ನೀನು ಬಿದ್ದೆ ಎಂದು ಕೇಳಿದ ದಿನ ಒಂದು ಗಳಿಗೆ ‘ಆಗಬೇಕು’ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು, ಅದರ ಸಿಟ್ಟೂ ನಿನ್ನ ಮೇಲೆಯೇ ಬಂತು.

ಭಾನುವಾರ ನಾನು ನಿನ್ನ ಪಕ್ಕದಲ್ಲಿ ನಿಲ್ಲುವುದಿಲ್ಲ. ಸಭಾಪಾಲಕರಿಗೆ ನೀನೇ ಹೇಳು. ಏನು ಹೇಳಲಿ ಅಂದರೆ, ನಡೆದದ್ದನ್ನು ಹೇಳು.

ಒಂದೇ ಹಾಡಿನ ಪುಸ್ತಕ ಹಿಡಿದು ನಿನ್ನ ಜೊತೆ ಹಾಡುತ್ತಿದ್ದ,
ಸುಶೀಲಾ

ಮರೆತ ಮಾತು: ತುಳಸಮ್ಮನವರ ಅಡುಗೆಮನೆಗೆ ಅವರು ಮದುವೆಯಾಗಿ ಬಂದಾಗಿನಿಂದ ಬೆಳ್ಳುಳ್ಳಿ ಕಾಲಿಟ್ಟಿಲ್ಲ. ಅದರಲ್ಲೂ ಈಗ ನವರಾತ್ರಿ, ಮನೆಯಲ್ಲಿ ಗೊಂಬೆ ಕೂರಿಸಿದ್ದಾರೆ. ದಿನವೂ ಬೆಳ್ಳುಳ್ಳಿ ಒಗ್ಗರಣೆಯ ಸಾರು ಚಪ್ಪರಿಸಿ, ಅವರ ಕೈರುಚಿ ಎಂದು ಮೈಕಿನಲ್ಲಿ ಹೊಗಳಿದೆಯಲ್ಲ! ಪಾಪ, ಅವರು, “ನನ್ ಹೆಸ್ರಲ್ಲಿ ಬೆಳ್ಳುಳ್ಳಿ ಕಳಿಸ್ತೀಯಲ್ಲೇ ಸುಶೀಲಾ” ಎಂದು ನಕ್ಕುಕೊಂಡೇ ಕ್ಯಾರಿಯರ್ ಹೊತ್ತು ತಂದುಕೊಟ್ಟರು. ಅದನ್ನು ನನ್ನ ದೊಡ್ಡ ಮನಸ್ಸು ಎಂದುಕೊಳ್ಳಬೇಡ. ನೀನು ಬಿದ್ದ ಸುದ್ದಿ ಬಂದಾಗ, “ಆಂಟಿ ಒಬ್ರೇ ಇದಾರಲ್ಲಮ್ಮ, ಏನಾದ್ರೂ ಮಾಡಿ ಕಳ್ಸು. ನಮ್ ಹೆಸ್ರು ಬೇಡ” ಅಂದವಳು ದೀಪ್ತಿ. ನಾನು ಗೊಣಗಿಕೊಂಡೇ ಬೇಯಿಸಿದೆ. ಕ್ಯಾರಿಯರ್ ನನ್ನದು. ಭಾನುವಾರಕ್ಕೆ ಮುಂಚೆ ನೀನೇ ತೆಗೆದುಕೊಂಡು ಬಾ. ಸಂಜೆ ಬಾಗಿಲು ತೆಗೆಯುವವಳು ಅವಳು. ಕೇಳುವುದನ್ನು ಅವಳ ಹತ್ತಿರ ಕೇಳು, ಕಣ್ಣು ಬಿಟ್ಟುಕೊಂಡು.